ಪ್ರಕೃತಿಯ ನಿಯಮಗಳಿಗೆ ನಿಯಾಮಕನೊಬ್ಬ ಇರಲೇಬೇಕೇ?

ಪ್ರಕೃತಿಯಲ್ಲಿ ಎಂದೂ ತಪ್ಪದ ನಿಯಮಗಳಿವೆ, ಆದ್ದರಿಂದ ಅವುಗಳನ್ನು ನೆಲೆಗೊಳಿಸಿದ ದೇವರು ಇರಲೇಬೇಕು ಎಂಬ ವಾದವನ್ನು ನೀವೆಲ್ಲರೂ ಒಂದಲ್ಲ ಒಂದು ರೂಪದಲ್ಲಿ ಕೇಳಿರುತ್ತೀರಿ. ಈ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ದೇವರ ಅಸ್ತಿತ್ವದ ಪರವಾಗಿ ಮಂಡಿಸಲಾಗುವ ತರ್ಕಗಳಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುವುದು ಇದೇ, ಏಕೆಂದರೆ ಇದು ಪವಾಡಗಳ ಮೊರೆ ಹೋಗುವುದಿಲ್ಲ. ಪವಾಡಗಳು ನಡೆಯದಿರುವುದನ್ನೇ, ಎಲ್ಲವೂ ಕ್ರಮಬದ್ಧವಾಗಿ ಸಾಗುವುದನ್ನೇ ಸಾಕ್ಷ್ಯವಾಗಿ ಮುಂದಿಡುತ್ತದೆ. ಕೋಟ್ಯಂತರ ಜ್ಯೋತಿರ್ವರ್ಷಗಳಾಚೆಯ ಗ್ಯಾಲಕ್ಸಿಯಿಂದ ಹೊರಟ ಬೆಳಕಿನಲ್ಲಿ ಹೈಡ್ರೋಜನ್ ಮೂಡಿಸಿದ ರೇಖೆಗಳ ವಿನ್ಯಾಸವನ್ನು ನೋಡಿದರೆ, ವಿಶ್ವದ ಹಿಗ್ಗುವಿಕೆಯಿಂದಾದ ಪಲ್ಲಟವೊಂದನ್ನು ಬಿಟ್ಟರೆ, ಇಲ್ಲಿನ ಪ್ರಯೋಗಾಲಯದ ಹೈಡ್ರೋಜನ್ ತೋರಿಸುವ ವಿನ್ಯಾಸವೇ ಅಲ್ಲಿಯೂ ಕಾಣಿಸುತ್ತದೆ. ಇದು ಬೆರಗು ಹುಟ್ಟಿಸದಿದ್ದರೆ ಇನ್ನಾವುದು ಹುಟ್ಟಿಸೀತು? ಆ ಬೆರಗನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಆ ಬೆರಗಿನಿಂದ ‘ಇರಲೇಬೇಕು’ ಎಂಬ ತೀರ್ಮಾನಕ್ಕೆ ಜಿಗಿಯುವುದನ್ನು ಒಪ್ಪುವುದಿಲ್ಲ. ದೇವರಿಲ್ಲವೆಂದು ಸಾಧಿಸುವುದು ಇಂದಿನ ಮಾತಿನ ಉದ್ದೇಶವಲ್ಲ. ನಿಯಮಗಳ ಇರವಿನಿಂದ ದೇವರ ಇರವು ಅನಿವಾರ್ಯವಾಗಿ ಹೊರಡುವುದಿಲ್ಲ ಎಂದು ತೋರಿಸುವುದಷ್ಟೇ ನನ್ನ ಉದ್ದೇಶ.

ಈ ವಾದದ ಚರಿತ್ರೆಯಲ್ಲಿ ನ್ಯೂಟನ್ ಅವರಿಗೆ ವಿಶೇಷ ಸ್ಥಾನವಿದೆ. ಗುರುತ್ವ ನಿಯಮವನ್ನು 1687ರಲ್ಲಿ ‘ಪ್ರಿನ್ಸಿಪಿಯಾ’ ಎಂಬ ಗ್ರಂಥದಲ್ಲಿ ಪ್ರಕಟಿಸಿದ ಅವರು, 1713ರಲ್ಲಿ ಅದೇ ಗ್ರಂಥದ ಎರಡನೆಯ ಆವೃತ್ತಿಗೆ ಸೇರಿಸಿದ ಟಿಪ್ಪಣಿಯಲ್ಲಿ, ಸೂರ್ಯ, ಗ್ರಹ ಮತ್ತು ಧೂಮಕೇತುಗಳ ಈ ಸುಂದರ ವ್ಯವಸ್ಥೆಯು ಬುದ್ಧಿ ಮತ್ತು ಶಕ್ತಿಯುಳ್ಳ ಒಬ್ಬ ಪುರುಷನ ಸಂಕಲ್ಪದಿಂದಲ್ಲದೆ ಉಂಟಾಗಲಾರದು ಎಂಬ ಅಭಿಪ್ರಾಯವನ್ನು ದಾಖಲಿಸಿದರು. ಗ್ರಹಗಳು ಒಂದನ್ನೊಂದು ಸೆಳೆಯುವುದರಿಂದ ಕಕ್ಷೆಗಳಲ್ಲಿ ಉಂಟಾಗುವ ಏರುಪೇರುಗಳು ಕಾಲಾಂತರದಲ್ಲಿ ಬೆಳೆದು, ವ್ಯವಸ್ಥೆಗೆ ಮರುಜೋಡಣೆ ಬೇಕಾಗಬಹುದೆಂದೂ ಅವರು ಭಾವಿಸಿದ್ದರು. ಗುರುಗ್ರಹ ವೇಗ ಹೆಚ್ಚಿಸಿಕೊಳ್ಳುತ್ತಿರುವಂತೆಯೂ ಶನಿ ನಿಧಾನವಾಗುತ್ತಿರುವಂತೆಯೂ ಆಗಿನ ಖಗೋಳಜ್ಞರಿಗೆ ಕಾಣುತ್ತಿದ್ದುದರಿಂದ ಈ ಆತಂಕಕ್ಕೆ ಆಧಾರವೂ ಇತ್ತು. ಗುರುವಿನ ಐದು ಸುತ್ತುಗಳ ಕಾಲವು ಶನಿಯ ಎರಡು ಸುತ್ತುಗಳ ಕಾಲಕ್ಕೆ ಹೆಚ್ಚುಕಡಿಮೆ ಸಮವಾಗಿರುವುದರಿಂದ ಈ ಏರುಪೇರು ಹುಟ್ಟುತ್ತದೆಂದೂ, ಅದು ಸುಮಾರು 900 ವರ್ಷಗಳ ಅವಧಿಯಲ್ಲಿ ತಾನಾಗಿ ಹಿಂದಿರುಗುತ್ತದೆಂದೂ 1780ರ ದಶಕದಲ್ಲಿ ಫ್ರೆಂಚ್ ಗಣಿತಜ್ಞ ಲಾಪ್ಲಾಸ್ ತೋರಿಸಿಕೊಟ್ಟರು. ಅದಕ್ಕೆ ಅವರು ಬಳಸಿದ್ದು ನ್ಯೂಟನ್ ಅವರದೇ ನಿಯಮವನ್ನು.

ಈ ಪ್ರಸಂಗವನ್ನು ಧರ್ಮದ ಸೋಲೆಂದು ಬಣ್ಣಿಸುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. ತಿಳಿವಳಿಕೆಯ ಕೊರತೆಯಿದ್ದೆಡೆ ದೇವರನ್ನು ನಿಲ್ಲಿಸುವ ದುರ್ಬಲ ವಾದ ಬಿದ್ದುಹೋಗಿ, ಅದರ ಜಾಗದಲ್ಲಿ ಗಟ್ಟಿಯಾದ ಪ್ರಶ್ನೆಯೊಂದು ಉಳಿಯಿತು: ಲಾಪ್ಲಾಸ್ ಅವರ ಲೆಕ್ಕಕ್ಕೆ ಆಧಾರವಾದ ಆ ಗುರುತ್ವ ನಿಯಮವೇ ಎಲ್ಲಿಂದ ಬಂತು? ಉತ್ತರಿಸಬೇಕಾದದ್ದು ಈ ಪ್ರಶ್ನೆಗೆ.

ಮೊದಲಿಗೆ, ನಿಯಮವನ್ನು ಆಜ್ಞೆಯಂತೆ ಕಲ್ಪಿಸಿಕೊಳ್ಳುವುದನ್ನು ಬಿಡಬೇಕಾಗುತ್ತದೆ. ಬುಧಗ್ರಹದ ಕಕ್ಷೆಯು ನ್ಯೂಟನ್ ಅವರ ನಿಯಮದ ಲೆಕ್ಕಕ್ಕಿಂತ ಶತಮಾನಕ್ಕೆ ಸುಮಾರು 43 ವಿಕಲೆಗಳಷ್ಟು (ಒಂದು ವಿಕಲೆಯೆಂದರೆ ಡಿಗ್ರಿಯ 3600ರಲ್ಲಿ ಒಂದು ಪಾಲು) ಹೆಚ್ಚು ತಿರುಗುತ್ತದೆ. ಆಗ ಬುಧ ಆಜ್ಞೆಯನ್ನು ಮೀರಿತೆಂದು ಯಾರೂ ಹೇಳಲಿಲ್ಲ. ನಮ್ಮ ವಿವರಣೆಯೇ ಅಪೂರ್ಣವೆಂದು 1915ರಲ್ಲಿ ಐನ್‌ಸ್ಟೈನ್ ತೋರಿಸಿದರು. ನಿಯಮವೆಂಬುದು ವಸ್ತುಗಳು ಹೇಗೆ ವರ್ತಿಸುತ್ತವೆ ಎಂಬುದರ ನಿರೂಪಣೆ. ಆದರೆ ಇಷ್ಟಕ್ಕೇ ಚರ್ಚೆ ಮುಗಿಯಿತೆಂದು ಕೈತೊಳೆದುಕೊಳ್ಳುವುದು ಪ್ರಾಮಾಣಿಕತೆಯಲ್ಲ. ನಿರೂಪಣೆ ನಮ್ಮದಾದರೂ ನಿರೂಪಿಸಲು ಸಾಧ್ಯವಾಗುವಂತಹ ಕ್ರಮ ಜಗತ್ತಿನದು, ಮತ್ತು ಆ ಕ್ರಮ ಏಕಿದೆ ಎಂದು ಕೇಳುವ ಹಕ್ಕು ಆಸ್ತಿಕರಿಗಿದೆ.

ಆ ಕ್ರಮದ ಒಳಹೊಕ್ಕು ನೋಡಿದಾಗ ಭೌತವಿಜ್ಞಾನ ನಮಗೆ ತೋರಿಸಿಕೊಟ್ಟಿರುವುದು ತೀರಾ ಅನಿರೀಕ್ಷಿತವಾದದ್ದು. ಶಕ್ತಿಯನ್ನು ಸೃಷ್ಟಿಸಲಾಗದು, ನಾಶಮಾಡಲಾಗದು ಎಂಬ ಸಂರಕ್ಷಣಾ ನಿಯಮ ಒಂದು ಮಹಾಶಾಸನದಂತೆ ಕೇಳಿಸುತ್ತದೆ. ಆದರೆ 1918ರಲ್ಲಿ ಗಣಿತಜ್ಞೆ ಎಮ್ಮಿ ನೋಥರ್ ಪ್ರಕಟಿಸಿದ ಪ್ರಮೇಯದ ಪ್ರಕಾರ, ವಸ್ತುಗಳ ವರ್ತನೆಯನ್ನು ಆಳುವ ಸಮೀಕರಣಗಳು ಕಾಲದ ಯಾವ ಕ್ಷಣಕ್ಕೂ ವಿಶೇಷ ಮನ್ನಣೆ ಕೊಡದಿದ್ದರೆ ಶಕ್ತಿಯ ಸಂರಕ್ಷಣೆ ತಾನಾಗಿಯೇ ಹೊರಬರುತ್ತದೆ. ಯಾವ ಸ್ಥಳಕ್ಕೂ ವಿಶೇಷ ಮನ್ನಣೆಯಿಲ್ಲದಿದ್ದರೆ ಸಂವೇಗದ (ದ್ರವ್ಯರಾಶಿ ಮತ್ತು ವೇಗಗಳ ಗುಣಲಬ್ಧದ) ಸಂರಕ್ಷಣೆ, ಯಾವ ದಿಕ್ಕಿಗೂ ಇಲ್ಲದಿದ್ದರೆ ಕೋನೀಯ ಸಂವೇಗದ (ತಿರುಗುವ ಚಲನೆಯ ಸಂವೇಗದ) ಸಂರಕ್ಷಣೆ ಹೊರಬರುತ್ತವೆ. (ಇಷ್ಟು ಆಳವಾದ ಸತ್ಯವನ್ನು ಕಂಡುಕೊಟ್ಟ ಆ ವಿದುಷಿಗೆ, ಹೆಣ್ಣೆಂಬ ಒಂದೇ ಕಾರಣಕ್ಕೆ, ಆಗ ಗಟಿಂಗೆನ್ ವಿಶ್ವವಿದ್ಯಾಲಯದಲ್ಲಿ ತಮ್ಮ ಸ್ವಂತ ಹೆಸರಿನಲ್ಲಿ ಪಾಠ ಮಾಡುವ ಅನುಮತಿಯೂ ಇರಲಿಲ್ಲ ಎಂಬುದನ್ನು ನೆನೆದಾಗಲೆಲ್ಲ ನನಗೆ ನೋವಾಗುತ್ತದೆ.) ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಯಾರೋ ಏನನ್ನೋ ಹೆಚ್ಚಾಗಿ ಸೇರಿಸಿದ್ದರಿಂದ ಈ ನಿಯಮಗಳು ಉಂಟಾದದ್ದಲ್ಲ, ಒಂದು ಕ್ಷಣಕ್ಕೂ ಇನ್ನೊಂದು ಕ್ಷಣಕ್ಕೂ ಭೇದವಿಲ್ಲದಿರುವುದೇ ಅವುಗಳಿಗೆ ಸಾಕು. ಇಡೀ ವಿಶ್ವ ಹಿಗ್ಗುತ್ತಿರುವಾಗ, ಅಂದರೆ ಕಾಲದೊಂದಿಗೆ ಅದರ ಹಂದರವೇ ಬದಲಾಗುತ್ತಿರುವಾಗ, ಶಕ್ತಿ ಸಂರಕ್ಷಣೆಯ ಪರಿಚಿತ ರೂಪವನ್ನು ಇಡೀ ವಿಶ್ವಕ್ಕೆ ಅನ್ವಯಿಸಲು ಆಗುವುದಿಲ್ಲ ಎಂಬುದು ಈ ಮಾತನ್ನು ಇನ್ನಷ್ಟು ದೃಢಪಡಿಸುತ್ತದೆ.

ಬಿಸಿಯಿಂದ ತಂಪಿನ ಕಡೆಗೇ ಶಾಖ ಹರಿಯುತ್ತದೆ ಎಂಬ ನಿಯಮದ ಕಥೆಯೂ ಇದಕ್ಕೆ ಹತ್ತಿರವಾದದ್ದು. ಒಂದೊಂದು ಅಣುವಿಗೂ ಇತ್ತಲೇ ಸಾಗಬೇಕೆಂಬ ಕಟ್ಟಳೆಯಿಲ್ಲ. ಚೆನ್ನಾಗಿ ಕಲೆಸಿದ 52 ಇಸ್ಪೀಟು ಎಲೆಗಳು ಕ್ರಮವಾಗಿ ಜೋಡಿಸಿಕೊಂಡು ಬರದಿರುವುದಕ್ಕೆ ಯಾವ ನಿಷೇಧವೂ ಕಾರಣವಲ್ಲ, ಕ್ರಮವಿಲ್ಲದ ಜೋಡಣೆಗಳ ಸಂಖ್ಯೆ ಅಗಾಧವಾಗಿರುವುದೇ ಕಾರಣ. ಭೌತವಿಜ್ಞಾನಿ ಬೋಲ್ಟ್ಸ್‌ಮನ್ ಅವರು 19ನೆಯ ಶತಮಾನದ ಉತ್ತರಾರ್ಧದಲ್ಲಿ ಉಷ್ಣದ ನಿಯಮವನ್ನು ಇಂತಹ ಎಣಿಕೆಯ ಮೇಲೆ ನಿಲ್ಲಿಸಿದರು. ವಿಶ್ವದ ಆರಂಭದ ಸ್ಥಿತಿ ಅಷ್ಟೊಂದು ಕ್ರಮಬದ್ಧವಾಗಿ ಏಕಿತ್ತು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ, ನಿಜ. ಆದರೆ ಕ್ರಮ ಕಂಡಲ್ಲೆಲ್ಲ ಅದನ್ನು ಸಂಕಲ್ಪಿಸಿದವನೊಬ್ಬ ಬೇಕು ಎಂಬ ಸಾರ್ವತ್ರಿಕ ಸೂತ್ರ ಇಲ್ಲಿಗೇ ಸಡಿಲಗೊಳ್ಳುತ್ತದೆ.

ಈಗ ವಾದದ ಮರ್ಮಕ್ಕೆ ಬರೋಣ. ಅತ್ಯಂತ ಮೂಲಭೂತವಾದ ನಿಯಮಗಳನ್ನು ದೇವರೇ ಆರಿಸಿದನೆಂದು ಒಂದು ಕ್ಷಣ ಒಪ್ಪಿಕೊಳ್ಳೋಣ. ಬೇರೆ ನಿಯಮಗಳನ್ನು ಬಿಟ್ಟು ಇವುಗಳನ್ನೇ ಆರಿಸಲು ಅವನಿಗೆ ಕಾರಣವಿತ್ತೇ? ಇರಲಿಲ್ಲವೆಂದರೆ, ವಿವರಣೆಯಿಲ್ಲದ ಒಂದು ಸಂಗತಿಯನ್ನು ತಪ್ಪಿಸಲು ಹೊರಟವರು ವಿವರಣೆಯಿಲ್ಲದ ಇನ್ನೊಂದು ಸಂಗತಿಗೆ ಬಂದು ನಿಂತಂತಾಯಿತು. ಇತ್ತೆಂದರೆ, ಯಾವುದು ಮೇಲು, ಯಾವುದು ಸುಂದರ, ಯಾವುದು ಸಾಧ್ಯ ಎಂಬುದನ್ನು ನಿರ್ಧರಿಸುವ ಒಂದು ಕ್ರಮ ಅವನ ಆಯ್ಕೆಗೂ ಮೊದಲೇ ಇತ್ತೆಂದಾಯಿತು. ಆ ಕ್ರಮ ದೇವರ ಸ್ವಭಾವವೇ ಎಂದು ಆಸ್ತಿಕ ಚಿಂತಕರು ಉತ್ತರಿಸುತ್ತಾರೆ, ಮತ್ತು ಅದು ತೂಕವಿಲ್ಲದ ಉತ್ತರವೇನೂ ಅಲ್ಲ. ಆದರೆ ಯಾರೂ ವಿಧಿಸದೆಯೇ ಕ್ರಮವೊಂದು ಇರಬಲ್ಲದೆಂದು ಒಪ್ಪಿಕೊಂಡ ಮೇಲೆ, ಅಂತಹ ಕ್ರಮ ದೇವರ ಸ್ವಭಾವದಲ್ಲಿ ಮಾತ್ರ ಇರಬಹುದು, ಪ್ರಕೃತಿಯ ಸ್ವಭಾವದಲ್ಲಿ ಇರಲಾರದು ಎನ್ನಲು ಇನ್ನೊಂದು ಪ್ರತ್ಯೇಕ ಸಮರ್ಥನೆ ಬೇಕಾಗುತ್ತದೆ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕೊಂದಿದೆ. ದೇವರು ಸಂಕಲ್ಪಿಸಿದನು, ಅದರಂತೆ ಆಯಿತು ಎನ್ನುವಾಗ, ಸಂಕಲ್ಪಿಸಿದ್ದೆಲ್ಲ ಹಾಗೆಯೇ ಆಗುತ್ತದೆ ಎಂಬ ಒಂದು ತಪ್ಪದ ಸಂಬಂಧವನ್ನು ನಾವು ಆಗಲೇ ಒಪ್ಪಿಕೊಂಡಿರುತ್ತೇವೆ. ಆ ಸಂಬಂಧವನ್ನು ಸ್ಥಾಪಿಸಿದವರು ಯಾರು? ಅದನ್ನೂ ಸಂಕಲ್ಪದಿಂದಲೇ ಸ್ಥಾಪಿಸಿದನೆಂದರೆ, ಆ ಸಂಕಲ್ಪ ಫಲಿಸಲು ಅದೇ ಸಂಬಂಧ ಮೊದಲೇ ಇರಬೇಕಾಗುತ್ತದೆ. ಹೀಗೆ ಹಿಂದೆ ಹಿಂದೆ ಸರಿಯುತ್ತ ಅನವಸ್ಥಾ ದೋಷಕ್ಕೆ, ಅಂದರೆ ಕೊನೆಯಿಲ್ಲದ ಸರಪಳಿಗೆ, ಬೀಳುತ್ತೇವೆ. ಇಂತಹ ಚಿಂತನೆ ನಮಗೆ ಹೊಸದೂ ಅಲ್ಲ. ಜಗತ್ತು ಒಂದು ಕಾರ್ಯ, ಕಾರ್ಯಕ್ಕೆ ಕರ್ತೃ ಬೇಕು ಎಂದು ನೈಯಾಯಿಕರಾದ (ನ್ಯಾಯದರ್ಶನದ ಚಿಂತಕರಾದ) ಉದಯನಾಚಾರ್ಯರು ಅತ್ಯಂತ ಬಿಗಿಯಾಗಿ ವಾದಿಸಿದ್ದರೆ, ಅವರಿಗಿಂತ ಮೊದಲೇ ಮೀಮಾಂಸಕರಾದ (ಮೀಮಾಂಸಾ ದರ್ಶನದ ಚಿಂತಕರಾದ) ಕುಮಾರಿಲ ಭಟ್ಟರು, ಶರೀರವಿಲ್ಲದವನಿಗೆ ಸೃಷ್ಟಿಸುವ ಇಚ್ಛೆ ಹೇಗೆ ಹುಟ್ಟುತ್ತದೆ, ಶರೀರವಿದ್ದರೆ ಅದನ್ನು ಸೃಷ್ಟಿಸಿದವರು ಯಾರು ಎಂದು ಪ್ರಶ್ನಿಸಿದ್ದರು. ಕುಮಾರಿಲರು ವೇದಪ್ರಾಮಾಣ್ಯದ ಕಟ್ಟಾ ಸಮರ್ಥಕರಾಗಿದ್ದರು ಎಂಬುದನ್ನು ನೆನಪಿಡಬೇಕು. ಸೃಷ್ಟಿಕರ್ತನನ್ನು ಒಪ್ಪದಿರುವುದು ಶ್ರದ್ಧೆಯಿಲ್ಲದವರ ಲಕ್ಷಣವೆಂದು ಇಂದು ಸುಲಭವಾಗಿ ಭಾವಿಸುವವರಿಗೆ ಈ ಸಂಗತಿ ತಿಳಿದಿರಬೇಕು.

ನಿಯಮಗಳ ಮಾತು ಹಾಗಿರಲಿ, ಅವುಗಳಲ್ಲಿ ಬರುವ ಸ್ಥಿರಾಂಕಗಳು (ಬದಲಾಗದ ಸಂಖ್ಯೆಗಳು) ಜೀವಕ್ಕೆ ಹೇಳಿಮಾಡಿಸಿದಂತೆ ಹೊಂದಿಕೊಂಡಿರುವುದೇಕೆ ಎಂದು ಈಗ ಅನೇಕರು ಕೇಳುತ್ತಾರೆ. ನಕ್ಷತ್ರಗಳೊಳಗೆ ಇಂಗಾಲ ಸಾಕಷ್ಟು ಉತ್ಪತ್ತಿಯಾಗಬೇಕಾದರೆ ಅದರ ನ್ಯೂಕ್ಲಿಯಸ್‌ಗೆ ಒಂದು ನಿರ್ದಿಷ್ಟ ಶಕ್ತಿಮಟ್ಟ ಇರಲೇಬೇಕೆಂದು ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಊಹಿಸಿದರು, ಮತ್ತು 1953ರಲ್ಲಿ ಪ್ರಯೋಗದಿಂದ ಅದು ಸುಮಾರು 7.65 ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ಗಳಲ್ಲಿ ದೊರೆಯಿತು. ಇಂತಹ ಹೊಂದಾಣಿಕೆಗಳು ನನ್ನನ್ನೂ ಕಾಡುತ್ತವೆ. ಆದರೆ ಇವು ಅತ್ಯಂತ ಅಸಂಭವನೀಯ ಎನ್ನಬೇಕಾದರೆ, ಈ ಸ್ಥಿರಾಂಕಗಳು ಯಾವ ಯಾವ ಬೆಲೆಗಳನ್ನು ಎಷ್ಟೆಷ್ಟು ಸಂಭವನೀಯತೆಯೊಂದಿಗೆ ಪಡೆಯಬಹುದಿತ್ತು ಎಂಬುದು ತಿಳಿದಿರಬೇಕು. ನಮಗೆ ಕಾಣಸಿಗುವುದು ಒಂದೇ ವಿಶ್ವ. ಬಹುವಿಶ್ವಗಳ ಕಲ್ಪನೆಯಿಂದ ಇದನ್ನು ಪರಿಹರಿಸಬಹುದೆನ್ನುವವರೂ ಸದ್ಯಕ್ಕೆ ಪರೀಕ್ಷಿಸಲಾಗದ ನೆಲದಲ್ಲೇ ನಿಂತಿದ್ದಾರೆ. ಅವರ ಮಾತನ್ನು ವಿಜ್ಞಾನದ ಅಂತಿಮ ತೀರ್ಪೆಂದು ಒಪ್ಪಿಸುವುದೂ ನನಗೆ ಸರಿಕಾಣದು.

ಹಾಗಾದರೆ ಕಾರಣ ಹೇಳದೆ ನೀವೂ ಎಲ್ಲಿಯೋ ನಿಲ್ಲುತ್ತೀರಲ್ಲ ಎಂದು ಕೇಳಬಹುದು. ಹೌದು, ನಿಲ್ಲುತ್ತೇನೆ. ದೇವರು ಇಲ್ಲದಿರಲು ಸಾಧ್ಯವೇ ಇಲ್ಲದ ಸತ್ತೆ (ಇರವು), ಪ್ರಕೃತಿಯಾದರೋ ಹೀಗಲ್ಲದೆ ಬೇರೆ ರೀತಿಯಲ್ಲೂ ಇರಬಹುದಿತ್ತು, ಆದ್ದರಿಂದ ನಿಲ್ಲಲು ತಕ್ಕ ಜಾಗ ದೇವರೇ ಎಂಬುದು ತತ್ತ್ವಜ್ಞಾನಿ ಲೈಬ್ನಿಟ್ಸ್ ಅವರ ಕಾಲದಿಂದ ಬಂದ ಉತ್ತರ. ಈ ಉತ್ತರದಲ್ಲಿ ದುಡಿಯುತ್ತಿರುವುದು ಅನಿವಾರ್ಯ ಸತ್ತೆಯೊಂದಿದೆ ಎಂಬ ತತ್ತ್ವ. ಗುರುತ್ವವಾಗಲಿ, ಶಕ್ತಿ ಸಂರಕ್ಷಣೆಯಾಗಲಿ, ಇಂಗಾಲದ ಶಕ್ತಿಮಟ್ಟವಾಗಲಿ ಆ ತತ್ತ್ವಕ್ಕೆ ಏನನ್ನೂ ಸೇರಿಸುವುದಿಲ್ಲ. ನಿಯಮಗಳೇ ಇಲ್ಲದ ಅಸ್ತವ್ಯಸ್ತ ಜಗತ್ತೊಂದಿದ್ದರೂ ಅದೇ ವಾದವನ್ನು ಅಷ್ಟೇ ಬಲದಿಂದ ಹೂಡಬಹುದಿತ್ತು.

ಇದನ್ನು ಸ್ಪಷ್ಟವಾಗಿ ಕಂಡುಕೊಂಡಿದ್ದವರಲ್ಲಿ ದೇವರನ್ನು ನಂಬಿದವರೂ ಇದ್ದರು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಪ್ರತಿಪಾದಿಸಿ, 1931ರಲ್ಲಿ ಅದಕ್ಕೊಂದು ಆದಿಬಿಂದುವನ್ನು ಸೂಚಿಸಿದ ಜಾರ್ಜ್ ಲಮೇತ್ರ್ ದೀಕ್ಷೆ ಪಡೆದ ಕ್ಯಾಥೊಲಿಕ್ ಪಾದ್ರಿಯಾಗಿದ್ದರು. ಈ ಸಿದ್ಧಾಂತ ಸೃಷ್ಟಿಯ ಬೋಧನೆಗೆ ಪುಷ್ಟಿ ಕೊಡುತ್ತದೆ ಎಂಬ ಧಾಟಿಯಲ್ಲಿ 1951ರ ನವೆಂಬರ್‌ನಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಮಾತನಾಡಿದಾಗ ಅದು ಲಮೇತ್ರ್ ಅವರಿಗೆ ಹಿಡಿಸಲಿಲ್ಲ. ತಮ್ಮ ಸಿದ್ಧಾಂತ ಧಾರ್ಮಿಕ ಪ್ರಶ್ನೆಗಳ ಹೊರಗೇ ಉಳಿಯುತ್ತದೆ, ಅದನ್ನು ಒಪ್ಪುವ ಭೌತವಾದಿಗೆ ದೇವರನ್ನು ನಿರಾಕರಿಸುವ ಸ್ವಾತಂತ್ರ್ಯವೂ ಉಳಿದಿರುತ್ತದೆ ಎಂಬುದು ಅವರ ನಿಲುವಾಗಿತ್ತು. ಆ ನಿಲುವಿನಿಂದ ಅವರ ಪ್ರಾರ್ಥನೆಯೂ ನಿಲ್ಲಲಿಲ್ಲ, ಗಣಿತವೂ ನಿಲ್ಲಲಿಲ್ಲ.