ಓದೋಕೆ ಬರುತ್ತೆ, ಬಾಯಿಗೆ ಬರಲ್ಲ

ಕೇಳುಗರಿಗೆ ನಮಸ್ಕಾರ.

ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಕಸ ಹಾಕಲು ಮನೆಯಿಂದ ಹೊರಗೆ ಬಂದೆ. ಗಾಳಿ ಬೀಸಿತು, ಬಾಗಿಲು ಹಾಕಿಕೊಂಡುಬಿಟ್ಟಿತು. ಕೀ ಒಳಗೇ ಇತ್ತು. ಪುಣ್ಯಕ್ಕೆ ಫೋನ್ ಜೇಬಿನಲ್ಲಿತ್ತು. ಮನೆ ಮಾಲೀಕರ ಹತ್ತಿರ ಇನ್ನೊಂದು ಕೀ ಇದೆ, ಅವರಿಗೆ ಹೇಳಿದರೆ ಆಯಿತು. ಆದರೆ ಅವರಿಗೆ ಕನ್ನಡ ಬರದು, ನನಗೆ ಅವರ ಭಾಷೆ ಬರದು. ನಮ್ಮಿಬ್ಬರ ನಡುವೆ ಇರುವುದು ಇಂಗ್ಲಿಷ್ ಒಂದೇ. ಅವರು ಫೋನ್ ಎತ್ತಿದರು. ನಾನು ಹಲೋ ಎಂದೆ. ಅಲ್ಲಿಗೆ ನನ್ನ ಮಾತು ನಿಂತಿತು.

ನನಗೆ ಇಂಗ್ಲಿಷ್ ಬರುತ್ತಿರಲಿಲ್ಲ ಅಂತಲ್ಲ. ದಿನಾ ಇಂಗ್ಲಿಷ್ ಪೇಪರ್ ಓದುತ್ತಿದ್ದೆ. 'ನೆವರ್‌ದಲೆಸ್' ಅಂದರೇನು ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ಆದರೆ 'ಬಾಗಿಲು ಹಾಕ್ಕೊಂಡ್ಬಿಡ್ತು' ಅನ್ನೋದಕ್ಕೆ ಇಂಗ್ಲಿಷಿನಲ್ಲಿ ಏನು? 'ಹಾಕ್ಕೊಂಡ್' ಅನ್ನೋದಕ್ಕೆ ಯಾವ ಪದ, 'ಬಿಡ್ತು' ಅನ್ನೋದಕ್ಕೆ ಯಾವುದು? ನಾನು ತಲೆಯೊಳಗೆ ಹುಡುಕುತ್ತಾ ನಿಂತಿರುವಾಗ ಆ ಕಡೆಯವರು ಎರಡು ಸಲ ಹಲೋ ಹಲೋ ಎಂದು ಫೋನ್ ಇಟ್ಟರು.

ಎರಡನೇ ಸಲ ಮಾಡಿದಾಗ ನಾಚಿಕೆ ಬಿಟ್ಟು ಮೂರೇ ಮಾತು ಹೇಳಿದೆ. 'ಡೋರ್ ಈಸ್ ಲಾಕ್ಡ್. ಕೀ ಈಸ್ ಇನ್‌ಸೈಡ್. ಐ ಆಮ್ ಔಟ್‌ಸೈಡ್.' ಅವರು ನಕ್ಕರು, ಬಂದು ಕೀ ಕೊಟ್ಟರು. ಇಂಗ್ಲಿಷಿನವರು ಇದಕ್ಕೆ 'ಐ ಗಾಟ್ ಲಾಕ್ಡ್ ಔಟ್' ಅನ್ನುತ್ತಾರೆ ಎಂದು ಆಮೇಲೆ ಗೊತ್ತಾಯಿತು. ನಾಲ್ಕೇ ಪದ. ನಾಲ್ಕೂ ನನಗೆ ಗೊತ್ತಿದ್ದವೇ!

ಓದಿ ಅರ್ಥ ಮಾಡಿಕೊಳ್ಳುವುದೇ ಬೇರೆ, ಬಾಯಿಬಿಟ್ಟು ಆಡುವುದೇ ಬೇರೆ. ಕೆನಡಾದಲ್ಲಿ ಮನೆಯಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳನ್ನು ಫ್ರೆಂಚ್‌ನಲ್ಲೇ ಪಾಠ ನಡೆಯುವ ಶಾಲೆಗಳಿಗೆ ಹಾಕುವ ಪದ್ಧತಿ ಇದೆ. ಆ ಮಕ್ಕಳು ವರ್ಷಗಟ್ಟಲೆ ಫ್ರೆಂಚ್ ಕೇಳಿ, ಓದಿ ಚೆನ್ನಾಗಿಯೇ ಅರ್ಥ ಮಾಡಿಕೊಳ್ಳುತ್ತಿದ್ದರು. ಮಾತಾಡಲು ನಿಂತರೆ ಮಾತ್ರ ತಪ್ಪುಗಳು ಉಳಿದೇ ಇದ್ದವು. ಮೆರಿಲ್ ಸ್ವೇನ್ ಎಂಬ ಭಾಷಾ ವಿದ್ವಾಂಸೆ 1985ರಲ್ಲಿ ಇದಕ್ಕೆ ಕಾರಣ ಹೇಳಿದರು. ಕಿವಿಗೆ ಬಿದ್ದದ್ದು ಸಾಲದು, ತಾನೇ ವಾಕ್ಯ ಕಟ್ಟಬೇಕಾದ ಒತ್ತಡ ಬೀಳಬೇಕು. ಆಗಲೇ ತನಗೆ ಏನು ಬರುವುದಿಲ್ಲ ಅನ್ನೋದು ಕಲಿಯುವವನಿಗೆ ಗೊತ್ತಾಗುವುದು. ನನಗೆ ಅದು ಮುಚ್ಚಿದ ಬಾಗಿಲ ಮುಂದೆ ಗೊತ್ತಾಯಿತು.

ಸರಿ, ಒಬ್ಬರೇ ಕಲಿಯುವವರು ಯಾರ ಜೊತೆ ಮಾತಾಡೋದು? ಎಲ್ಲರೂ ಕೇಳುವ ಪ್ರಶ್ನೆ ಇದೇ ಅಲ್ವಾ? ಇದಕ್ಕೆ ನನಗೆ ತುಂಬ ಇಷ್ಟವಾದ ಉತ್ತರ ಹೈನ್ರಿಚ್ ಶ್ಲೀಮನ್‌ನದು. ಮುಂದೆ ಟ್ರಾಯ್ ನಗರದ ಅವಶೇಷಗಳನ್ನು ಅಗೆಸಿ ಹೆಸರು ಮಾಡಿದ ಜರ್ಮನ್ ಇವನು. 1840ರ ದಶಕದಲ್ಲಿ ಆಮ್ಸ್ಟರ್‌ಡ್ಯಾಮ್‌ನಲ್ಲಿ ಒಂದು ಸಣ್ಣ ಕೆಲಸದಲ್ಲಿದ್ದ. ಅಲ್ಲಿಯೇ ಇಂಗ್ಲಿಷ್ ಕಲಿತ. ಅನುವಾದ ಮಾಡುತ್ತಿರಲಿಲ್ಲ, ದಿನಾ ಗಟ್ಟಿಯಾಗಿ ಓದುತ್ತಿದ್ದ. ತನಗೆ ಇಷ್ಟವಾದ ವಿಷಯದ ಮೇಲೆ ಬರೆದು, ತಿದ್ದಿಸಿಕೊಂಡು, ಅದನ್ನು ಬಾಯಿಪಾಠ ಮಾಡಿ ಮರುದಿನ ಒಪ್ಪಿಸುತ್ತಿದ್ದ. ಭಾನುವಾರ ಇಂಗ್ಲಿಷ್ ಚರ್ಚಿಗೆ ಹೋಗಿ ಪಾದ್ರಿಯ ಮಾತನ್ನು ಪದಪದವಾಗಿ ಮೆಲ್ಲಗೆ ತಾನೂ ಹೇಳುತ್ತಿದ್ದ. ಇದೆಲ್ಲ ಅವನೇ ಬರೆದುಕೊಂಡದ್ದು. ತನ್ನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಿಕೊಳ್ಳುವ ಆಸಾಮಿ, ಅದು ನೆನಪಿರಲಿ. ಆರು ತಿಂಗಳಲ್ಲಿ ಇಂಗ್ಲಿಷ್ ಬಂತು ಅನ್ನುತ್ತಾನೆ.

ಆಮೇಲೆ ರಷ್ಯನ್ ಕಲಿಯಲು ಹೊರಟ. ಹೇಳಿಕೊಡುವವರು ಸಿಗಲಿಲ್ಲ. ಯಾರಾದರೂ ಕೇಳುತ್ತಾ ಕೂತರೆ ಬೇಗ ಬರುತ್ತೆ ಅನ್ನಿಸಿತು. ಒಬ್ಬ ಬಡವನಿಗೆ ವಾರಕ್ಕಿಷ್ಟು ಎಂದು ದುಡ್ಡು ಕೊಟ್ಟು ದಿನಾ ಸಂಜೆ ಎದುರಿಗೆ ಕೂರಿಸಿಕೊಂಡ. ಪಾಪ, ಅವನಿಗೆ ರಷ್ಯನ್‌ನ ಒಂದು ಪದವೂ ಬರುತ್ತಿರಲಿಲ್ಲ! ಶ್ಲೀಮನ್ ಕೂಗಿ ಕೂಗಿ ಒಪ್ಪಿಸುವುದು, ಅವನು ಕೇಳುವುದು. ಮರದ ನೆಲದ ಮನೆಗಳಲ್ಲಿ ಸದ್ದು ಎಲ್ಲರಿಗೂ ಕೇಳಿಸಿ, ಬಾಡಿಗೆದಾರರು ದೂರು ಕೊಟ್ಟು, ಎರಡು ಸಲ ಮನೆ ಬದಲಾಯಿಸಬೇಕಾಯಿತಂತೆ.

ಈಗ ಆ ಬಡವನ ಜಾಗದಲ್ಲಿ ಫೋನ್ ಇದೆ. ಎಐ ಜೊತೆ ಮಾತಾಡಿ, ತಪ್ಪೇನಿಲ್ಲ. ಆದರೆ ಅದಕ್ಕೆ ಸಹನೆ ಜಾಸ್ತಿ. ಮನುಷ್ಯರು ಮಧ್ಯೆ ಬಾಯಿ ಹಾಕುತ್ತಾರೆ, ಫೋನ್ ಇಟ್ಟುಬಿಡುತ್ತಾರೆ. ನನಗೆ ಅದಕ್ಕಿಂತ ಉಪಯೋಗಕ್ಕೆ ಬಂದದ್ದು ಫೋನಿನ ರೆಕಾರ್ಡರ್. ಆ ಬಾಗಿಲಿನ ಕಥೆಯನ್ನೇ ಇಂಗ್ಲಿಷಿನಲ್ಲಿ ಹೇಳಿ ರೆಕಾರ್ಡ್ ಮಾಡಿಕೊಂಡೆ. ನನ್ನ ದನಿ ಕೇಳಲು ನನಗೇ ಆಗಲಿಲ್ಲ. ಆದರೂ ಕೂತು, ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಎಲ್ಲೆಲ್ಲಿ 'ಆಂ' ಎಂದು ಎಳೆದಿದ್ದೇನೋ ಅಲ್ಲೆಲ್ಲ ನನಗೆ ಬೇಕಾದ ಮಾತು ಸಿಕ್ಕಿರಲಿಲ್ಲ. ಗಾಳಿಗೆ ಬಾಗಿಲು ದಡ್ ಅಂತು, ಇದಕ್ಕೆ ಏನು? ಜೇಬು ಮುಟ್ಟಿ ನೋಡಿಕೊಂಡೆ, ಇದಕ್ಕೆ? ಹೀಗೆ ಆರೇಳು ಸಿಕ್ಕವು. ಅವಕ್ಕೆ ಉತ್ತರ ಹುಡುಕಿ ಮತ್ತೆ ಹೇಳಿದೆ. ಹೀಗೆ ಕಲಿತದ್ದು ಮರೆಯಲ್ಲ. ಪಟ್ಟಿ ಮಾಡಿ ಉರು ಹೊಡೆದ ಪದಗಳು ವಾರದಲ್ಲಿ ಹಾರಿಹೋಗುತ್ತವೆ.

ಒಂದೇ ಕಥೆಯನ್ನು ಮತ್ತೆ ಮತ್ತೆ ಹೇಳುವುದಕ್ಕೂ ಒಂದು ಲೆಕ್ಕ ಇದೆ. ಮೊದಲು 4 ನಿಮಿಷದಲ್ಲಿ ಹೇಳಿ. ಅದನ್ನೇ 3 ನಿಮಿಷದಲ್ಲಿ. ಆಮೇಲೆ 2 ನಿಮಿಷದಲ್ಲಿ. ನ್ಯೂಜಿಲೆಂಡಿನ ಪಾಲ್ ನೇಷನ್ ಮುಂತಾದ ವಿದ್ವಾಂಸರು ಬರೆದಿರುವ ಅಭ್ಯಾಸ ಇದು. ತರಗತಿಯಲ್ಲಿ ಪ್ರತಿ ಸಲ ಕೇಳುವವರು ಬದಲಾಗುತ್ತಾರೆ, ಮನೆಯಲ್ಲಿ ಗೋಡೆಯೇ ಸಾಕು. ಮೊದಲ ಸಲ ಮನಸ್ಸು ಏನು ಹೇಳಬೇಕು ಅನ್ನೋದರಲ್ಲೇ ಮುಳುಗಿರುತ್ತೆ. ಮೂರನೇ ಸಲಕ್ಕೆ ವಿಷಯ ಹೇಗೂ ಗೊತ್ತು, ನಾಲಿಗೆ ಹಗುರಾಗುತ್ತೆ.

ಪದಗಳ ವಿಷಯದಲ್ಲಿ ನಾವು ಸುಮ್ನೆ ಹೆದರುತ್ತೇವೆ. ಸಿ.ಕೆ. ಆಗ್ಡೆನ್ ಎಂಬ ಇಂಗ್ಲಿಷ್ ವಿದ್ವಾಂಸ 1930ರಲ್ಲಿ 850 ಪದಗಳ 'ಬೇಸಿಕ್ ಇಂಗ್ಲಿಷ್' ಮಾಡಿದ. ಅದರಲ್ಲಿ ಕ್ರಿಯಾಪದಗಳು ಬರೀ 18. ಗೆಟ್, ಪುಟ್, ಟೇಕ್, ಗಿವ್, ಗೋ, ಕಮ್, ಇಂಥವು. ಅವಕ್ಕೆ ಅಪ್, ಔಟ್, ಆಫ್ ಸೇರಿಸಿದರೆ ಎಷ್ಟೋ ಕೆಲಸ ನಡೆಯುತ್ತೆ. ಅಷ್ಟರಲ್ಲೇ ಬದುಕು ಸಾಗಿಸಿ ಅನ್ನುತ್ತಿಲ್ಲ. ಆದರೆ ಬಾಯಿಗೆ ಮೊದಲು ಬೇಕಾದ್ದು ಈ ಸಣ್ಣ ಪದಗಳೇ. ರೇಡಿಯೊದವರಿಗೂ ಇದು ಗೊತ್ತಿತ್ತು. ವಾಯ್ಸ್ ಆಫ್ ಅಮೆರಿಕ 1959ರಲ್ಲಿ 'ಸ್ಪೆಷಲ್ ಇಂಗ್ಲಿಷ್' ಎಂಬ ಪ್ರಸಾರ ಶುರು ಮಾಡಿತು. ಸುಮಾರು 1500 ಪದ, ಚಿಕ್ಕ ವಾಕ್ಯ, ನಿಧಾನ ಓದು. ಅಷ್ಟರಲ್ಲೇ ಜಗತ್ತಿನ ಸುದ್ದಿಯನ್ನೆಲ್ಲ ಹೇಳಿದರು.

ಇನ್ನು ಉಚ್ಚಾರಣೆ. ನಮಗೆ ಬರೆದದ್ದನ್ನು ಬರೆದಂತೆ ಓದಿ ಅಭ್ಯಾಸ. ಇಂಗ್ಲಿಷಿನಲ್ಲಿ ಅಕ್ಷರ 26, ಸದ್ದು ಸುಮಾರು 44. ಅಲ್ಲಿಗೇ ಲೆಕ್ಕ ತಪ್ಪಿತು. ಅದಕ್ಕಿಂತ ದೊಡ್ಡದು ಒತ್ತು. ನಾವು ಪ್ರತಿ ಅಕ್ಷರಕ್ಕೂ ಹೆಚ್ಚುಕಡಿಮೆ ಒಂದೇ ಬಲ ಕೊಡುತ್ತೇವೆ. ಅವರು ಒಂದನ್ನು ಎತ್ತಿ ಹಿಡಿದು ಉಳಿದದ್ದನ್ನು ನುಂಗುತ್ತಾರೆ. 'ಫೋಟೋ' ಅನ್ನುವಾಗ ಒತ್ತು 'ಫೋ' ಮೇಲೆ. 'ಫೋಟೋಗ್ರಾಫರ್' ಅನ್ನುವಾಗ ಆ 'ಫೋ' ಸತ್ತುಹೋಗಿ 'ಫಟಾಗ್ರಫರ್' ಆಗುತ್ತೆ, ಒತ್ತು 'ಟಾ' ಮೇಲೆ. 'ರೆಕಾರ್ಡ್' ಎಂದು ಮೊದಲಿಗೆ ಒತ್ತಿದರೆ ಅದು ದಾಖಲೆ, ಕೊನೆಗೆ ಒತ್ತಿದರೆ ದಾಖಲಿಸುವುದು. ಇಂಗ್ಲಿಷ್ ಸಿನಿಮಾದ ಮಾತು ಕಿವಿಗೆ ಹಿಡಿಯದೆ ಇರುವುದಕ್ಕೆ ಅವರ ವೇಗಕ್ಕಿಂತ ಈ ನುಂಗುವಿಕೆಯೇ ಜಾಸ್ತಿ ಕಾರಣ.

ನಮ್ಮದೇ ಕೆಲವು ಅಭ್ಯಾಸಗಳೂ ಜೊತೆಗೆ ಬರುತ್ತವೆ. 'ಒಂದು' ಅನ್ನುವಾಗ ನಮ್ಮ ಬಾಯಲ್ಲಿ ಮೆಲ್ಲಗೆ ಒಂದು 'ವ' ಹುಟ್ಟುತ್ತೆ, 'ಎಲ್ಲ' ಅನ್ನುವಾಗ 'ಯ'. ಹಾಗಾಗಿ 'ಓನ್ಲಿ' ಹೋಗಿ 'ವೋನ್ಲಿ', 'ಎಂಡ್' ಹೋಗಿ 'ಯೆಂಡ್'. ಕೊನೆಗೊಂದು 'ಉ' ಸೇರಿಸಿ ಬಸ್ಸು, ಕಾರು ಮಾಡುತ್ತೇವೆ, ಕನ್ನಡದಲ್ಲಿ ಅದೇ ಚೆಂದ. ಇನ್ನು 'ವೆಸ್ಟ್' ಎಂದು ನಾನು ಬರೆದರೆ ಅದು ಪಶ್ಚಿಮವೋ, ಒಳ ಅಂಗಿಯೋ? ಕನ್ನಡದಲ್ಲಿ ಎರಡಕ್ಕೂ ಒಂದೇ 'ವ'. ಅಂಗಿಯಾದರೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಪಶ್ಚಿಮವಾದರೆ ಸಿಳ್ಳೆ ಹೊಡೆಯುವ ಹಾಗೆ ತುಟಿ ದುಂಡಗಾಗಬೇಕು. ಕನ್ನಡಿ ಮುಂದೆ ನಿಂತು ಹತ್ತು ಸಲ ಹೇಳಿದರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತೆ.

ಎಲ್ಲವನ್ನೂ ತಿದ್ದಬೇಕಾಗಿಲ್ಲ. ಜೋಸೆಫ್ ಕಾನ್ರಾಡ್ ಪೋಲೆಂಡಿನವರು. ಇಂಗ್ಲಿಷ್ ಅವರಿಗೆ ಮೂರನೇ ಭಾಷೆ, ಹಡಗಿನಲ್ಲಿ ದುಡಿಯುತ್ತಾ ಇಪ್ಪತ್ತು ದಾಟಿದ ಮೇಲೆ ಕಲಿತದ್ದು. ಇಂಗ್ಲಿಷಿನ ದೊಡ್ಡ ಕಾದಂಬರಿಕಾರರಲ್ಲಿ ಒಬ್ಬರಾದರು. ಮಾತಿನಲ್ಲಿ ಪೋಲಿಷ್ ಧಾಟಿ ಮಾತ್ರ ಕೊನೆವರೆಗೂ ಹೋಗಲಿಲ್ಲ. ಎದುರಿನವರಿಗೆ ಅರ್ಥವಾಗದೆ ಹೋಗುವ ಕಡೆ ತಿದ್ದಿಕೊಳ್ಳೋಣ, ಉಳಿದದ್ದು ನಮ್ಮ ಊರಿನ ಗುರುತು ಅಂತ ಇರಲಿ.

30 ದಿನದಲ್ಲಿ ಇಂಗ್ಲಿಷ್ ಎಂದು ಹೇಳುವವರು ಇದ್ದಾರೆ. ಕೇಂಬ್ರಿಡ್ಜ್ ಇಂಗ್ಲಿಷ್ ಪರೀಕ್ಷೆ ನಡೆಸುವವರ ಅಂದಾಜು ಬೇರೆ. ಸೊನ್ನೆಯಿಂದ ಶುರು ಮಾಡಿ, ಸಲೀಸಾಗಿ ಮಾತಾಡುವ ಬಿ2 ಎಂಬ ಹಂತ ಮುಟ್ಟಲು 500ರಿಂದ 600 ಗಂಟೆ ಕಲಿಕೆ ಬೇಕು. ಅದೂ ಮೇಷ್ಟ್ರು ಇದ್ದರೆ. ದಿನಕ್ಕೆ ಅರ್ಧ ಗಂಟೆ ಎಂದರೆ ಮೂರು ವರ್ಷ. ಹೆದರಬೇಡಿ, ಶಾಲೆಯಲ್ಲಿ ಓದಿದವರು ಸೊನ್ನೆಯಲ್ಲಿಲ್ಲ. ಪದಗಳು ಒಳಗೆ ಬಿದ್ದಿವೆ, ಹೊರಗೆ ಬರುವ ದಾರಿ ತೆರೆಯಬೇಕಷ್ಟೆ.

ನನ್ನ ಮೊದಲ ರೆಕಾರ್ಡಿಂಗ್ ಇನ್ನೂ ಫೋನಿನಲ್ಲಿದೆ. ಅದರಲ್ಲಿ ನಾಲ್ಕು ಸಲ 'ವೋನ್ಲಿ' ಅಂದಿದ್ದೇನೆ. ನೀವೂ ಇವತ್ತು ಒಂದು ಮಾಡಿ. ನಾನು ಈಗ ಹೇಳಿದ ಕಥೆಯನ್ನೇ ಇಂಗ್ಲಿಷಿನಲ್ಲಿ ಹೇಳಿ ನೋಡಿ, ಎರಡೇ ನಿಮಿಷ. ನಾಚಿಕೆ ಆದರೆ ಹೊರಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳಿ. ಕೀ ಮಾತ್ರ ಜೇಬಿನಲ್ಲಿರಲಿ.

ನಮಸ್ಕಾರ.