ಪಾರ್ಶ್ವವಾಯುವಿನ ನಂತರ ಮತ್ತೆ ಸ್ಟಿಯರಿಂಗ್ ಹಿಡಿಯುವ ಮೊದಲು

ಕೇಳುಗರೇ, ನಮಸ್ಕಾರ.

ಪಾರ್ಶ್ವವಾಯು ಬಂದು ಎಡಗೈ, ಎಡಗಾಲು ಸೋತವರು ಸ್ವಲ್ಪ ಚೇತರಿಸಿಕೊಂಡು ನಡೆಯತೊಡಗಿದರೆ ಮನೆಯಲ್ಲಿ ಒಂದು ಮಾತು ಏಳುತ್ತದೆ: 'ಆಟೋಮ್ಯಾಟಿಕ್ ಕಾರು ತಗೊಂಡರಾಯಿತು. ಅದಕ್ಕೆ ಬಲಗಾಲು ಸಾಕು, ಬಲಗೈ ಗಟ್ಟಿಯಿದೆಯಲ್ಲ.' ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ಹೆಚ್ಚು ಎಚ್ಚರ ಬೇಕಾದದ್ದು ಇವರ ವಿಷಯದಲ್ಲಿಯೇ.

ಎಡಭಾಗ ಸೋತಿದೆ ಎಂದರೆ ಪೆಟ್ಟು ಬಿದ್ದದ್ದು ಮೆದುಳಿನ ಬಲಭಾಗಕ್ಕೆ. ಸುತ್ತಲಿನ ಜಾಗವನ್ನು ಗಮನಿಸುವ ಕೆಲಸದ ದೊಡ್ಡ ಪಾಲು ಅಲ್ಲಿಯದು. ಅದು ಕೆಟ್ಟರೆ ಕಣ್ಣು ಚೆನ್ನಾಗಿದ್ದರೂ ಎಡಬದಿ ಗಮನಕ್ಕೇ ಬರುವುದಿಲ್ಲ. ಇನ್ನು ಕೆಲವರಿಗೆ ಎರಡೂ ಕಣ್ಣಿನಲ್ಲಿ ಎಡ ಅರ್ಧದ ನೋಟವೇ ಹೋಗಿರುತ್ತದೆ. ನೋಟ ಹೋದವರು ತಲೆ ತಿರುಗಿಸಿ ನೋಡಲು ಕಲಿತಾರು. ಗಮನ ಹೋದವರಿಗೆ ಅದು ಹೋಗಿದೆ ಎಂಬುದೇ ತಿಳಿಯದು. 'ನನಗೇನೂ ತೊಂದರೆ ಇಲ್ಲ' ಎಂದು ಅವರು ಹೇಳುವುದು ಸುಳ್ಳಲ್ಲ, ಆದರೆ ಆ ಮಾತನ್ನು ನೆಚ್ಚುವಂತಿಲ್ಲ.

ಮನೆಯವರೇ ನೋಡಬೇಕು. ಬಟ್ಟಲಿನ ಎಡಬದಿಯ ಅನ್ನ ಹಾಗೆಯೇ ಉಳಿಯುತ್ತದೆಯೇ? ಬಾಗಿಲು ದಾಟುವಾಗ ಎಡಭುಜ ದಾರಂದಕ್ಕೆ ತಾಗುತ್ತದೆಯೇ? ಪತ್ರಿಕೆ ಓದುವಾಗ ಸಾಲಿನ ಮೊದಲ ಶಬ್ದಗಳು ಬಿಟ್ಟುಹೋಗುತ್ತವೆಯೇ? ಕಾಗದದ ಮೇಲೆ ಗಡಿಯಾರ ಬಿಡಿಸಲು ಹೇಳಿ. ಏಳರಿಂದ ಹನ್ನೊಂದರವರೆಗಿನ ಅಂಕೆಗಳು ಕಾಣೆಯಾದರೆ, ಅಥವಾ ಎಲ್ಲವೂ ಬಲಗಡೆ ಒತ್ತಿಕೊಂಡು ಬಂದರೆ, ಕಾರಿನ ಕೀ ಕಪಾಟಿನಲ್ಲೇ ಇರಲಿ. ಚಿತ್ರ ಸರಿ ಬಂತೆಂದರೆ ಪಾಸಾದಂತೆಯೂ ಅಲ್ಲ. ನೋಟದ ಹರವನ್ನು ಅಳೆಯುವ ಪೆರಿಮೆಟ್ರಿ ಪರೀಕ್ಷೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಕೇಳಿ ಮಾಡಿಸಿಕೊಳ್ಳಿ. ಅಕ್ಷರದ ಹಲಗೆ ಓದಿಸುವ ತಪಾಸಣೆಯಲ್ಲಿ ಈ ದೋಷ ಸಿಕ್ಕದೇ ಹೋಗಬಹುದು.

ನಾವು ಓಡಿಸುವುದು ರಸ್ತೆಯ ಎಡಕ್ಕೆ. ನಮ್ಮ ಕಾಸರಗೋಡಿನ ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆಯ ದಾರಿಗಳಲ್ಲಿ ಎಡಕ್ಕೆ ಏನಿದೆ? ಚರಂಡಿ, ಮುರಕಲ್ಲಿನ ಗೋಡೆ, ಬಸ್ಸು ಕಾಯುವ ಶಾಲೆಯ ಮಕ್ಕಳು. ತಲಪಾಡಿಯಿಂದ ಬರುವ ಆರು ಪಥದ ಹೆದ್ದಾರಿಯಲ್ಲಿ ಸರ್ವಿಸ್ ರಸ್ತೆಯ ವಾಹನ ಬಂದು ಸೇರುವುದೂ ಎಡದಿಂದಲೇ. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಸೆಕೆಂಡಿಗೆ 11 ಮೀಟರ್ ಹೋಗುತ್ತದೆ. ಕಂಡದ್ದು ತಲೆಗೆ ಹೋಗಲು ಒಂದು ಸೆಕೆಂಡ್ ತಡವಾದರೆ ಬ್ರೇಕ್ ಒತ್ತುವುದು ಅಷ್ಟು ದೂರ ದಾಟಿದ ಮೇಲೆ.

ಬಲಭಾಗ ಸೋತವರು ನೋಡುವುದಕ್ಕೆ ಇವರಿಗಿಂತ ಹೆಚ್ಚು ಸೋತಂತೆ ಕಾಣುತ್ತಾರೆ. ಮಾತೂ ತಡವರಿಸುತ್ತದೆ. ನೆಂಟರಿಷ್ಟರು 'ಇನ್ನು ಡ್ರೈವಿಂಗ್ ಮುಗಿಯಿತು' ಎಂದುಬಿಡುತ್ತಾರೆ. ಅಷ್ಟು ಬೇಗ ತೀರ್ಮಾನ ಬೇಡ. ಮಾತಿನ ಜೊತೆ ಓದೂ ಕೆಟ್ಟಿರಬಹುದು. ಊರಿನ ಹೆಸರಿನ ಫಲಕ ಓದಲಾಗದಿದ್ದರೆ ಪಕ್ಕದಲ್ಲಿದ್ದವರು ಹೇಳಿಯಾರು, ರಸ್ತೆಯ ಚಿಹ್ನೆ ಅರ್ಥವಾಗದಿದ್ದರೆ ಮಾತ್ರ ಓಡಿಸಕೂಡದು. ಗಮನ, ನೋಟ ಸರಿಯಿದ್ದವರಿಗೆ ಉಪಾಯವಿದೆ. ಅವರ ತೊಂದರೆ ಬಲಪಾದದ್ದು. ಮುಂಗಾಲು ಜೋತುಬಿದ್ದರೆ ಆಕ್ಸಿಲರೇಟರಿನಿಂದ ತೆಗೆಯುವಾಗ ಬ್ರೇಕ್ ಪೆಡಲಿನ ಅಡಿಗೆ ಸಿಕ್ಕಿಕೊಳ್ಳುತ್ತದೆ. ಸ್ಪರ್ಶ ಹೋಗಿದ್ದರೆ ಕಾಲು ಯಾವ ಪೆಡಲಿನ ಮೇಲಿದೆ ಎಂಬುದು ಬಗ್ಗಿ ನೋಡದೆ ತಿಳಿಯದು. ಒತ್ತಿದೊಡನೆ ಪಾದ ಅದುರತೊಡಗುವುದೂ ಉಂಟು. ಇಂಥವರಿಗೆ ಆಟೋಮ್ಯಾಟಿಕ್ ಕಾರಿನಲ್ಲಿ ಬ್ರೇಕಿನ ಎಡಕ್ಕೆ ಇನ್ನೊಂದು ಆಕ್ಸಿಲರೇಟರ್ ಕೂರಿಸುತ್ತಾರೆ. ಹಳೆಯ ಪೆಡಲನ್ನು ಮಡಚಿಡಬೇಕು, ಇಲ್ಲವೇ ಅಡ್ಡ ತಡೆ ಹಾಕಬೇಕು. ಹಾಗೆಯೇ ಬಿಟ್ಟರೆ ಸೋತ ಕಾಲು ಅರಿವಿಲ್ಲದೆ ಒತ್ತೀತು. ಇಂಡಿಕೇಟರಿನ ಕಡ್ಡಿ ನಮ್ಮ ಹೆಚ್ಚಿನ ಕಾರುಗಳಲ್ಲಿ ಸ್ಟಿಯರಿಂಗಿನ ಬಲಕ್ಕಿದೆ, ಅದು ಎಡಗೈಗೆ ಎಟಕುವಂತಾಗಬೇಕು. ಒಂದೇ ಕೈಯಲ್ಲಿ ತಿರುಗಿಸಲು ಸ್ಟಿಯರಿಂಗಿಗೆ ಹಿಡಿಗುಂಡಿ ಬೇಕು. ಎಎಂಟಿ ಕಾರಾದರೆ, ಅಂದರೆ ಮಾಮೂಲಿ ಗೇರ್‌ಬಾಕ್ಸಿನ ಕ್ಲಚ್ಚು, ಗೇರನ್ನು ಯಂತ್ರವೇ ನಡೆಸುವ ಬಗೆಯದಾದರೆ, ಏರಿನಲ್ಲಿ ಕಾರನ್ನು ಕ್ಷಣಕಾಲ ಹಿಡಿದು ನಿಲ್ಲಿಸುವ ಹಿಲ್ ಹೋಲ್ಡ್ ಇರುವುದನ್ನೇ ನೋಡಿ. ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರಿದರೆ ಗಾಬರಿಯಲ್ಲಿ ಕಾಲು ತಪ್ಪುತ್ತದೆ. ಇಂಥ ಬದಲಾವಣೆಗೆ ಆರ್‌ಟಿಓ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು, ವಿಮಾ ಕಂಪೆನಿಗೂ ತಿಳಿಸಬೇಕು.

ಎಷ್ಟು ದಿನ ಕಾಯಬೇಕು? ಬ್ರಿಟನ್ನಿನಲ್ಲಿ ಕಾರಿಗೆ ಕನಿಷ್ಠ ಒಂದು ತಿಂಗಳು, ಬಸ್ಸು ಲಾರಿಗೆ ಒಂದು ವರ್ಷ ಎಂದಿದೆ. ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಪಾರ್ಶ್ವವಾಯುವಿಗೆ ಹಾಗೆ ದಿನದ ಲೆಕ್ಕವಿಲ್ಲ. ಆದರೆ 16ನೇ ಸೆಕ್ಷನಿನ ಪ್ರಕಾರ ರೋಗದ ಕಾರಣಕ್ಕೆ ಲೈಸನ್ಸ್ ರದ್ದು ಮಾಡಬಹುದು, ಡಾಕ್ಟರ ಸರ್ಟಿಫಿಕೇಟ್ ಕೇಳಬಹುದು. ಎರಡನೇ ಸಲ ಬರುವ ಅಪಾಯ ಮೊದಲ ವಾರಗಳಲ್ಲೇ ಹೆಚ್ಚು. ಕೈಕಾಲು ಮರಗಟ್ಟಿ ಅರ್ಧ ಗಂಟೆಯಲ್ಲಿ ಸರಿಹೋದವರಿಗೂ ಇದು ಅನ್ವಯಿಸುತ್ತದೆ. ಅವರು ಆಸ್ಪತ್ರೆಗೆ ತಾವೇ ಕಾರು ಓಡಿಸಿಕೊಂಡು ಹೋಗುವುದು ಹುಚ್ಚುತನ. ನಡುವೆ ಅಪಸ್ಮಾರ ಬಂದಿದ್ದರೆ ಕಥೆಯೇ ಬೇರೆ, ನರರೋಗ ತಜ್ಞರು ಹೇಳುವವರೆಗೆ ಸ್ಟಿಯರಿಂಗ್ ಮುಟ್ಟಬಾರದು. ಸೆಡೆತಕ್ಕೆ ಕೊಡುವ ಬ್ಯಾಕ್ಲೋಫೆನ್ ಮಾತ್ರೆ ತೂಕಡಿಕೆ ತರುತ್ತದೆ, ಅದನ್ನೂ ಕೇಳಿಕೊಳ್ಳಿ.

ಒಪ್ಪಿಗೆ ಸಿಕ್ಕಿದ ಮೇಲೆ ಮೊದಲು ಎಂಜಿನ್ ಆಫ್ ಇಟ್ಟು, ಕೆಳಗೆ ನೋಡದೆ, ಆಕ್ಸಿಲರೇಟರಿನಿಂದ ಬ್ರೇಕಿಗೆ ಕಾಲು ಸಾಗಿಸಿ ರೂಢಿಮಾಡಬೇಕು. ಆಮೇಲೆ ಖಾಲಿ ಮೈದಾನ. ಆಮೇಲೆ ಡ್ರೈವಿಂಗ್ ಶಾಲೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಶಾಲಾ ಬಸ್ಸುಗಳ ಹೊತ್ತು ಕಳೆದ ಮೇಲಿನ ಪರಿಚಿತ ರಸ್ತೆ. ಅವರ ಕಾರಿನಲ್ಲಿ ಕಲಿಸುವವರ ಕಾಲಿಗೂ ಬ್ರೇಕ್ ಇರುತ್ತದೆ. ಆರಂಭದಲ್ಲಿ ಇಪ್ಪತ್ತು ನಿಮಿಷ ಸಾಕು. ಆಯಾಸವಾದಾಗ ಮೊದಲು ಕೆಡುವುದು ಗಮನ, ಕಾಲು ಭಾರವಾಗುವುದು ಆಮೇಲೆ. ಮಳೆ, ರಾತ್ರಿ, ಕಾಸರಗೋಡು ಪೇಟೆ ಎಲ್ಲ ಕೊನೆಗೆ.

ಸ್ಕೂಟರನ್ನು ಸುಲಭವೆಂದು ಮೊದಲು ತೆಗೆಯಬೇಡಿ. ನಿಧಾನ ವೇಗದಲ್ಲಿ ಸಮತೋಲ ಬೇಕು, ನಿಂತಾಗ ಕಾಲು ಊರಬೇಕು, ಎರಡೂ ಕೈಗೆ ಬ್ರೇಕಿದೆ. ಸೆಡೆತ ಬಂದ ಬಲಗೈ ಆಕ್ಸಿಲರೇಟರ್ ತಿರುವಿದ ಮೇಲೆ ಬೇಗ ಸಡಿಲವಾಗುವುದಿಲ್ಲ. ಕಾರು ಸಲೀಸಾದ ಮೇಲೆ ಅದರ ವಿಚಾರ.

ನಮಸ್ಕಾರ.