ಅಂತೆ ಬಿಟ್ಟ ಸುದ್ದಿ

ಕೇಳುಗರಿಗೆಲ್ಲ ನಮಸ್ಕಾರ.

2025ರ ಮೇ ತಿಂಗಳ ಆ ರಾತ್ರಿ ನಿಮಗೂ ನೆನಪಿರಬೇಕು. ಆಪರೇಷನ್ ಸಿಂಧೂರ ಶುರುವಾಗಿ ಒಂದೆರಡು ದಿನ ಆಗಿತ್ತು. ಇಲ್ಲಿ ಬೆಳಗಾವಿಯಲ್ಲಿ ನಮ್ಮ ಓಣಿಯ ಅರ್ಧ ಜನ ಪಕ್ಕದ ಮನೆಯ ಅಕ್ಕನ ಟಿವಿ ಮುಂದೆ ಕೂತಿದ್ದೆವು. ಅವರ ಮಗ ಸೈನ್ಯದಲ್ಲಿದ್ದಾನೆ. ಕರಾಚಿ ಬಂದರು ಸುಟ್ಟುಹೋಯಿತು ಎಂದು ಕೆಲವು ವಾಹಿನಿಗಳು ಕೂಗುತ್ತಿದ್ದವು. ನಾವು ಚಪ್ಪಾಳೆ ತಟ್ಟಿದೆವು. ಅಕ್ಕ ಮಾತ್ರ ಮೊಬೈಲನ್ನು ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡು, "ಅಷ್ಟ್ ದೊಡ್ಡ ಯುದ್ಧ ನಡದೈತಿ ಅಂದ್ರ ನನ್ನ ಮಗ ಎಲ್ಲಿ ಅದಾನೋ" ಎಂದರು. ಆಮೇಲೆ ಗೊತ್ತಾಯಿತು, ಬಂದರಿಗೆ ಏನೂ ಆಗಿರಲಿಲ್ಲ.

ಕಟ್ಟೆಯ ಮೇಲೆ ಕೂತ ಹಿರಿಯರು ಯಾರೋ ಹೇಳಿದ್ದನ್ನು ಹೇಳುವಾಗ ಕೊನೆಗೆ ಒಂದು 'ಅಂತೆ' ಸೇರಿಸುತ್ತಾರೆ. ಬಂದರಂತೆ, ಗೆದ್ದರಂತೆ. ಅದು ಬಹಳ ಪ್ರಾಮಾಣಿಕ ಪದ. ನಾನು ಕಣ್ಣಾರೆ ಕಂಡಿಲ್ಲ ಎಂದು ಅದು ಒಪ್ಪಿಕೊಳ್ಳುತ್ತದೆ. ಯುದ್ಧದ ದಿನಗಳಲ್ಲಿ ಪತ್ರಿಕೆಗಳು ಮೊದಲು ಕೈಬಿಡುವುದು ಈ 'ಅಂತೆ'ಯನ್ನೇ.

ಮೊದಲನೇ ಮಹಾಯುದ್ಧದಲ್ಲಿ, 1914ರ ಆಗಸ್ಟ್ 23ರಂದು, ಬೆಲ್ಜಿಯಂನ ಮಾನ್ಸ್ ಎಂಬಲ್ಲಿ ಬ್ರಿಟಿಷ್ ಸೈನ್ಯ ತನಗಿಂತ ಬಹಳ ದೊಡ್ಡ ಜರ್ಮನ್ ಸೈನ್ಯದ ಎದುರು ಹೋರಾಡಿ ಹಿಂದೆ ಸರಿಯಿತು. ಬ್ರಿಟನ್ನಿನಲ್ಲಿದ್ದ ಜನರ ಎದೆ ಒಡೆದಿತ್ತು. ಸೆಪ್ಟೆಂಬರ್ 29ರಂದು ಲಂಡನ್ನಿನ ಈವ್ನಿಂಗ್ ನ್ಯೂಸ್ ಪತ್ರಿಕೆಯಲ್ಲಿ ಆರ್ಥರ್ ಮ್ಯಾಕನ್ ಎಂಬ ಲೇಖಕರು ಒಂದು ಕಥೆ ಬರೆದರು. ಸೈನಿಕನೊಬ್ಬ ಸಂತ ಜಾರ್ಜನನ್ನು ನೆನೆಯುತ್ತಾನೆ. 1415ರಲ್ಲಿ ಅಜಿನ್‌ಕೂರ್‌ನಲ್ಲಿ ಕಾದಾಡಿದ್ದ ಬಿಲ್ಲುಗಾರರು ಬೆಳಕಿನ ಹಾಗೆ ಬಂದು ನಿಂತು ಬಾಣ ಬಿಡುತ್ತಾರೆ. ಇದು ಕಥೆ ಎಂದು ಪತ್ರಿಕೆ ಎಲ್ಲೂ ಹೇಳಿರಲಿಲ್ಲ.

ಜನ ನಂಬಿದರು. ಒಬ್ಬ ಪಾದ್ರಿ ಇದನ್ನು ಪುಟ್ಟ ಪುಸ್ತಕ ಮಾಡುತ್ತೇನೆ, ನಿಮಗೆ ಯಾರು ಹೇಳಿದ್ದು ಬರೆದುಕೊಡಿ ಎಂದು ಕೇಳಿದರು. ಯಾರೂ ಹೇಳಿಲ್ಲ, ನಾನೇ ಕಟ್ಟಿದ್ದು ಎಂದರು ಮ್ಯಾಕನ್. ಪಾದ್ರಿ ಒಪ್ಪಲಿಲ್ಲ. ನಿಮಗೇ ತಪ್ಪು ತಿಳಿದಿರಬೇಕು, ಮೂಲ ಸಂಗತಿ ನಿಜವೇ ಎಂದು ಮತ್ತೆ ಬರೆದರು! 1915ರ ಹೊತ್ತಿಗೆ ಬಿಲ್ಲುಗಾರರು ದೇವದೂತರಾಗಿದ್ದರು. ಬರೆದವನೇ ಅಲ್ಲ ಎಂದರೂ ಕಥೆ ನಿಲ್ಲಲಿಲ್ಲ. ಪಾಪ, ಆ ಜನರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಗಂಡನೋ ಮಗನೋ ಅಲ್ಲಿದ್ದರೆ ನಾವೂ ನಂಬುತ್ತಿದ್ದೆವು, ಅಲ್ವಾ?

ಅದೇ ಯುದ್ಧದಲ್ಲಿ ಫ್ರಾನ್ಸಿಗೆ ಹೋಗಿದ್ದ ನಮ್ಮ ದೇಶದ ಸಿಪಾಯಿಗಳ ಕಾಗದಗಳನ್ನು ಅಧಿಕಾರಿಗಳು ಒಡೆದು ಓದುತ್ತಿದ್ದರು. ಹಾಗಾಗಿ ಒಬ್ಬ ಸಿಪಾಯಿ ಮೆಣಸಿನ ಸುದ್ದಿ ಬರೆದ. ಕರಿ ಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎಂದು. ಕರಿ ಅಂದರೆ ನಮ್ಮವರು, ಕೆಂಪು ಅಂದರೆ ಬಿಳಿಯರು, ಮುಗಿಯಿತು ಅಂದರೆ ಯುದ್ಧಕ್ಕೆ ಬಲಿಯಾದರು. ಪತ್ರಿಕೆಯಲ್ಲಿ ಬಾರದ ಸತ್ಯ ಅಡುಗೆಮನೆಯ ಮಾತಾಗಿ ಮನೆ ಕಡೆ ಹೊರಟಿತ್ತು.

ಎಲ್ಲ ಕಥೆಯೂ ಧೈರ್ಯ ಕೊಡಲೆಂದೇ ಹುಟ್ಟುವುದಿಲ್ಲ. 2025ರ ಅದೇ ಮೇ ತಿಂಗಳಲ್ಲಿ, ಸೈನ್ಯದ ಪರವಾಗಿ ಮಾತಾಡುತ್ತಿದ್ದ ಕರ್ನಲ್ ಸೋಫಿಯಾ ಖುರೇಷಿ ಅವರ ಗಂಡನ ಮನೆಯ ಮೇಲೆ ನಮ್ಮ ಬೆಳಗಾವಿ ಜಿಲ್ಲೆಯಲ್ಲಿ ದಾಳಿ ಆಯಿತು ಎಂಬ ಪೋಸ್ಟ್ ಹರಿದಾಡಿತು. ಅದು ಶುದ್ಧ ಸುಳ್ಳು ಎಂದು ಪೊಲೀಸರೇ ಹೇಳಬೇಕಾಯಿತು. ಆ ಸುಳ್ಳಿಗೆ ಇಲ್ಲಿ ಬೆಂಕಿ ಹತ್ತಿದ್ದರೆ?

ಸೋತ ಸುದ್ದಿ ಹೇಳಿದರೆ ಜನರ ಧೈರ್ಯ ಕುಂದುತ್ತದೆ ಎನ್ನುವವರು ಹಲಗಲಿ ಬೇಡರ ಲಾವಣಿ ಕೇಳಬೇಕು. ಬಾಗಲಕೋಟೆ ಜಿಲ್ಲೆಯ ಹಲಗಲಿಯವರು 1857ರಲ್ಲಿ ಬ್ರಿಟಿಷರಿಗೆ ಆಯುಧ ಒಪ್ಪಿಸಲ್ಲ ಎಂದರು. ಸೋತರು. ಊರಿಗೆ ಬೆಂಕಿ ಬಿತ್ತು. ಲಾವಣಿ ಅದನ್ನು ಮುಚ್ಚಿಡುವುದಿಲ್ಲ. ಲೂಟಿಯಾದದ್ದನ್ನೆಲ್ಲ ಒಂದೊಂದಾಗಿ ಎಣಿಸುತ್ತದೆ: ಉಪ್ಪು, ಎಣ್ಣೆ, ಅರಿಶಿನ, ಜೀರಿಗೆ, ಮಂಗಳಸೂತ್ರ, ಕೊನೆಗೆ ಬೀಸುಕಲ್ಲು. ಫ್ಲೀಟ್ ಎಂಬ ಇಂಗ್ಲಿಷ್ ಅಧಿಕಾರಿಯೇ ಅದನ್ನು ಸಂಗ್ರಹಿಸಿ ಅಚ್ಚು ಮಾಡಿಸಿದ. ಬೀಸುಕಲ್ಲೂ ಉಳಿಯದ ಆ ಊರಿನ ಹಾಡು ಕೇಳಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ನಮ್ಮ ಅಕ್ಕನಿಗೆ ಮಗನ ಫೋನ್ ಮೂರನೇ ದಿನ ಬಂತು. "ಅವ್ವಾ, ಆರಾಮ ಅದೀನಿ. ಜಾಸ್ತಿ ಮಾತಾಡಾಕ ಆಗಂಗಿಲ್ಲ." ಅಷ್ಟೇ. ಅಕ್ಕ ಟಿವಿ ಆರಿಸಿ ಒಳಗೆ ಹೋದರು. ಎರಡು ದಿನದಿಂದ ಮುಟ್ಟದಿದ್ದ ರೊಟ್ಟಿ ಹಂಚನ್ನು ಒಲೆಯ ಮೇಲಿಟ್ಟರು.